ಹಾಯಿ ಇಳಿದ ಮೇಲೆ ನೀರೇ ಗತಿ: ಮುಂಬೈ ದೋಣಿಗಳು, ಡೀಸೆಲ್ ಎಂಜಿನ್ ಮತ್ತು ಉಪ್ಪುನೀರು

ವಿಡಿಯೊದಲ್ಲಿ ಆಡಿದ ಮಾತಿನ ಬರಹರೂಪ ಇದು. ಅಲ್ಲಿ ಅವಸರದಲ್ಲಿ ಹೇಳಿ ಮುಂದೆ ಹೋದ ಕೆಲವು ಸಂಗತಿಗಳನ್ನ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದೆ. ಓದೋ ಅಭ್ಯಾಸ ಇರೋರಿಗೆ ಇದೇ ಅನುಕೂಲ.

ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ಮುಂಬೈಯ ಗೇಟ್‌ವೇ ಆಫ್ ಇಂಡಿಯಾ ಹತ್ರ ನಿಂತು ಎಲಿಫೆಂಟಾಗೆ ಹೋಗೋ ಲಾಂಚುಗಳನ್ನ ನೋಡಿ. ಎಂಜಿನ್ ಓಡ್ತಿರುವಾಗ ಹಿಂದೆಯೋ ಪಕ್ಕದಲ್ಲೋ ಒಂದು ಪೈಪಿನಿಂದ ನೀರು ಹೊರಗೆ ಬೀಳ್ತಾ ಇರುತ್ತೆ. ಹೊಸದಾಗಿ ನೋಡೋರು ದೋಣಿಯೊಳಗೆ ನೀರು ನುಗ್ಗಿದೆ, ಅದನ್ನ ಹೊರಗೆ ಹಾಕ್ತಿದ್ದಾರೆ ಅಂದ್ಕೊಳ್ತಾರೆ. ಸಾಮಾನ್ಯವಾಗಿ ಹಾಗಲ್ಲ. ಅದು ಎಂಜಿನ್ನಿನ ಬಿಸಿಯನ್ನ ಹೊತ್ತು ಹೊರಗೆ ಬರ್ತಿರೋ ಸಮುದ್ರದ ನೀರು. ಆ ನೀರು ನಿಂತರೆ ಕೆಲವೇ ನಿಮಿಷಗಳಲ್ಲಿ ಎಂಜಿನ್ ನಿಲ್ಲುತ್ತೆ. ಎಂಜಿನ್ ನಿಂತರೆ ದೋಣಿಗೆ ಏನು ಗತಿ? ಈ ಪ್ರಶ್ನೆಗೆ ನೂರು ವರ್ಷದ ಹಿಂದೆ ಇದ್ದ ಉತ್ತರ ಬೇರೆ, ಇವತ್ತಿನ ಉತ್ತರ ಬೇರೆ. ಇವತ್ತಿನ ಮಾತು ಈ ವ್ಯತ್ಯಾಸದ ಬಗ್ಗೆ.

ಗಾಳಿಯೇ ಎಂಜಿನ್ ಆಗಿದ್ದ ಕಾಲ

ಬೊಂಬಾಯಿಗೂ ನಮ್ಮ ಕರಾವಳಿಗೂ ಇದ್ದ ಹಳೆಯ ಹೆದ್ದಾರಿ ಅಂದ್ರೆ ಸಮುದ್ರ. ಕಾರವಾರ, ಕುಮಟಾ, ಹೊನ್ನಾವರ, ಗಂಗೊಳ್ಳಿ, ಮಂಗಳೂರು, ಹೀಗೆ ಒಂದೊಂದು ಅಳಿವೆಯಿಂದಲೂ ಪತ್ತೆಮಾರಿಗಳು ಬೊಂಬಾಯಿಗೆ ಹೋಗ್ತಿದ್ದವು. 1861ರಿಂದ 1865ರ ತನಕ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರೋದು ನಿಂತುಹೋಯ್ತು. ಆಗ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಬಂದು, ಅಲ್ಲಿಂದ ದೋಣಿ ಹತ್ತಿ ಬೊಂಬಾಯಿ ಸೇರ್ತಿತ್ತು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿತು. ಆಮೇಲೆ ಬೊಂಬಾಯಿಯ ಮಾಡುಗಳ ಮೇಲೆ ಮಂಗಳೂರು ಹೆಂಚು ಕೂತಿದ್ದೂ ಇದೇ ಹಾಯಿದೋಣಿಗಳ ದಯೆಯಿಂದ. ಸರಕಿನ ಹಾಗೆ ಜನರೂ ಹೋದ್ರು. ಮುಂಬೈಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ. ಅಷ್ಟು ಹೊತ್ತಿಗಾಗಲೇ ನಮ್ಮ ಕಡಲ ಮಕ್ಕಳು ಅಲ್ಲಿ ಸಂಘ ಕಟ್ಟುವಷ್ಟು ಸಂಖ್ಯೆಯಲ್ಲಿದ್ರು ಅಂತಾಯ್ತು.

ಈ ದೋಣಿಗಳಿಗೆ ಗಾಳಿಯೇ ಎಂಜಿನ್. ಮಳೆಗಾಲದಲ್ಲಿ ನೈಋತ್ಯ ಮಾರುತ ಎದ್ದಾಗ ಅಳಿವೆ ಮುಚ್ಚಿದಂತೆ, ದೋಣಿಗಳು ದಡ ಸೇರ್ತಿದ್ದವು. ಉಳಿದ ತಿಂಗಳುಗಳಲ್ಲಿ ಬೆಳಗ್ಗೆ ನೆಲಗಾಳಿ, ಮಧ್ಯಾಹ್ನದ ಮೇಲೆ ಕಡಲಗಾಳಿ. ಗಾಳಿ ಬಿದ್ದುಹೋದ್ರೆ ಲಂಗರು ಹಾಕಿ ಕಾಯೋದು, ಹಾಯಿ ಹರಿದ್ರೆ ಹೊಲಿಯೋದು. ದೋಣಿಯಲ್ಲಿ ಕೆಡುವ ಪ್ರತಿಯೊಂದು ವಸ್ತುವನ್ನೂ ತಾಂಡೇಲ ಕಣ್ಣಾರೆ ಕಾಣಬಹುದಿತ್ತು, ಕೈಯಾರೆ ಸರಿಮಾಡಬಹುದಿತ್ತು. ಇದನ್ನ ಸ್ವಲ್ಪ ನೆನಪಿಟ್ಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಬೊಂಬಾಯಿಯ ಉಗಿ ಮತ್ತು ಉಪ್ಪಿನ ಲೆಕ್ಕ

ಹಾಯಿಯ ಪಕ್ಕದಲ್ಲಿ ಬೆಂಕಿ ಬಂದು ಕೂತಿದ್ದು ಡೀಸೆಲ್‌ಗಿಂತ ಬಹಳ ಮೊದಲು. 1829ರಲ್ಲಿ ಬೊಂಬಾಯಿ ಡಾಕ್‌ಯಾರ್ಡಿನಲ್ಲಿ ವಾಡಿಯಾ ಮನೆತನದವರು ಕಟ್ಟಿದ 'ಹ್ಯೂ ಲಿಂಡ್ಸೆ' ಅನ್ನೋ ಉಗಿಹಡಗು ನೀರಿಗಿಳಿಯಿತು. 1830ರ ಮಾರ್ಚ್ 20ರಂದು ಅದು ಬೊಂಬಾಯಿಯಿಂದ ಹೊರಟು, ಏಡನ್ ದಾರಿಯಾಗಿ ಏಪ್ರಿಲ್ 22ಕ್ಕೆ ಸೂಯೆಜ್ ಮುಟ್ಟಿತು. ಹಡಗಿನಲ್ಲಿ ಎಲ್ಲೆಲ್ಲಿ ಜಾಗ ಇತ್ತೋ ಅಲ್ಲೆಲ್ಲ ಕಲ್ಲಿದ್ದಲು ತುಂಬಿದ್ರು. ಆದ್ರೂ ಏಡನ್ ತಲುಪುವ ಹೊತ್ತಿಗೆ ಕಲ್ಲಿದ್ದಲು ಬಹುತೇಕ ಖಾಲಿ.

ಅಷ್ಟೊಂದು ಕಲ್ಲಿದ್ದಲು ಯಾಕೆ ಬೇಕಿತ್ತು? ದೊಡ್ಡ ಕಾರಣ ಆ ಕಾಲದ ಎಂಜಿನ್ನುಗಳ ಒರಟುತನ. ಅದರ ಜೊತೆಗೆ ಇನ್ನೊಂದು ಕಾರಣವೂ ಇತ್ತು, ಅದು ಉಪ್ಪು. ಆಗಿನ ಹಡಗಿನ ಬಾಯ್ಲರುಗಳಿಗೆ ಸಮುದ್ರದ ನೀರನ್ನೇ ಹಾಕ್ತಿದ್ರು. ಒಂದು ಲೀಟರ್ ಸಮುದ್ರದ ನೀರಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತೆ. ನೀರು ಉಗಿಯಾಗಿ ಹೋಗುತ್ತೆ, ಉಪ್ಪು ಬಾಯ್ಲರಿನಲ್ಲೇ ಉಳಿಯುತ್ತೆ. ಉಪ್ಪು ಹೆಚ್ಚಾದಂತೆ ಒಳಗೋಡೆಗೆ ಕಲ್ಲಿನಂಥ ಪದರ ಕಟ್ಟುತ್ತೆ. ನಮ್ಮ ಮನೆಯ ಬಚ್ಚಲ ಹಂಡೆಯಲ್ಲಿ ಗಡಸು ನೀರು ಕಾಯಿಸಿ ಕಾಯಿಸಿ ಬಿಳಿ ಪದರ ಕಟ್ಟಲ್ವಾ, ಅದರ ದೊಡ್ಡಣ್ಣ. ಆ ಪದರ ಬಿಸಿಯನ್ನ ನೀರಿಗೆ ದಾಟಿಸಲ್ಲ. ಕಬ್ಬಿಣ ಕೆಂಪಗಾಗುತ್ತೆ, ಬಾಯ್ಲರ್ ಸಿಡಿಯುತ್ತೆ.

ಅದಕ್ಕೆ ಎಂಜಿನಿಯರುಗಳು ಆಗಾಗ ಕುದಿಯುವ ಉಪ್ಪುನೀರನ್ನ ಹೊರಗೆ ಚೆಲ್ಲಿ, ಹೊಸ ನೀರು ತುಂಬ್ತಿದ್ರು. ಎಷ್ಟು ಚೆಲ್ಲಬೇಕು ಅಂತ ತಿಳಿಯೋಕೆ ನೀರಿನ ಸಾಂದ್ರತೆ ಅಳೆಯುವ ಒಂದು ಉಪಕರಣ ಇಟ್ಕೊಂಡಿದ್ರು, ಅದರ ಹೆಸರು ಸಲಿನೋಮೀಟರ್. ಸಮುದ್ರದ ನೀರಲ್ಲಿ ಉಪ್ಪಿನ ಪಾಲು ಸುಮಾರು ಮೂವತ್ತೆರಡರಲ್ಲಿ ಒಂದು. ಅದು ಮೂವತ್ತೆರಡರಲ್ಲಿ ಎರಡು, ಮೂರು ಆಗೋದ್ರೊಳಗೆ ಚೆಲ್ಲಬೇಕು ಅನ್ನೋ ಲೆಕ್ಕ. ಚೆಲ್ಲಿದ ಪ್ರತಿ ಬಕೆಟ್ ಬಿಸಿನೀರಿನ ಜೊತೆ ಒಂದಿಷ್ಟು ಕಲ್ಲಿದ್ದಲೂ ಸಮುದ್ರಕ್ಕೆ ಹೋದ ಹಾಗೆ.

ಇದಕ್ಕೆ ಪರಿಹಾರ ಹುಡುಕಿದ್ದು ಇಂಗ್ಲೆಂಡಿನ ಸ್ಯಾಮುಯೆಲ್ ಹಾಲ್. 1834ರಲ್ಲಿ ಪೇಟೆಂಟ್ ಪಡೆದ ಅವನ ಉಪಾಯ ಇಷ್ಟು: ಬಾಯ್ಲರಿಗೆ ಸಿಹಿನೀರು ಮಾತ್ರ. ಉಗಿಯನ್ನ ಸಣ್ಣ ಸಣ್ಣ ಕೊಳವೆಗಳ ಮೂಲಕ ಹಾಯಿಸಿ, ಕೊಳವೆಯ ಆಚೆ ಬದಿಯಲ್ಲಿ ಸಮುದ್ರದ ನೀರು ಹರಿಸೋದು. ಉಗಿ ತಣಿದು ಮತ್ತೆ ಸಿಹಿನೀರಾಗುತ್ತೆ. ಎರಡು ನೀರು ಪಕ್ಕಪಕ್ಕದಲ್ಲೇ ಹರೀತವೆ, ಆದ್ರೆ ಬೆರೆಯೋದಿಲ್ಲ. 1838ರಲ್ಲಿ ಅಟ್ಲಾಂಟಿಕ್ ದಾಟಿದ 'ಸಿರಿಯಸ್' ಹಡಗಿನಲ್ಲಿ ಇದೇ ಏರ್ಪಾಡು ಇತ್ತು. ಎಲ್ಲ ಕಡೆ ಬಳಕೆಗೆ ಬರೋಕೆ ಇನ್ನೂ ಎರಡು-ಮೂರು ದಶಕ ಹಿಡಿಯಿತು. ಇವತ್ತು ಸಣ್ಣ ಹಾಯಿದೋಣಿಯ ಡೀಸೆಲ್ ಎಂಜಿನ್ ಪಕ್ಕದಲ್ಲಿರೋ ಹೀಟ್ ಎಕ್ಸ್‌ಚೇಂಜರ್ ಹಿಂದೆ ಇರೋದೂ ಇದೇ ಉಪಾಯ.

ಬೊಂಬಾಯಿಯಲ್ಲಿ ಈ ವಿದ್ಯೆ ಕಲಿತವರಲ್ಲಿ ಮೊದಲು ಹೇಳಬೇಕಾದ ಹೆಸರು ಅರ್ದೇಶಿರ್ ಕರ್ಸೆಟ್ಜಿ ವಾಡಿಯಾ. 1808ರಲ್ಲಿ ಹುಟ್ಟಿದವರು. 1833ರಲ್ಲಿ 'ಇಂಡಸ್' ಅನ್ನೋ ಸಣ್ಣ ಉಗಿಹಡಗು ಕಟ್ಟಿದ್ರು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೊ ಆದ್ರು, ಆ ಗೌರವ ಸಿಕ್ಕ ಮೊದಲ ಭಾರತೀಯ ಅವರೇ. ಬೊಂಬಾಯಿಯ ಸ್ಟೀಮ್ ಫ್ಯಾಕ್ಟರಿಯ ಮುಖ್ಯ ಎಂಜಿನಿಯರ್ ಆಗಿ ಯುರೋಪಿಯನ್ ಕೆಲಸಗಾರರ ಮೇಲೂ ಅಧಿಕಾರ ನಡೆಸಿದವರು. ದೋಣಿ ಕಟ್ಟೋ ಮನೆತನದ ಹುಡುಗ ಬಾಯ್ಲರ್ ಹತ್ರ ಹೋಗಿ ನಿಂತ, ಅದು ಈ ಕತೆಯ ಮೊದಲ ತಿರುವು.

ತೋಟದ ಎಂಜಿನ್ನೂ ದೋಣಿಯ ಎಂಜಿನ್ನೂ

ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ನನ್ನ 1897ರಲ್ಲಿ ಓಡಿಸಿ ತೋರಿಸಿದ. 1912ರಲ್ಲಿ ಡೆನ್ಮಾರ್ಕಿನ 'ಸೆಲಾಂಡಿಯಾ' ಡೀಸೆಲ್ ಬಲದಲ್ಲಿ ಮಹಾಸಾಗರ ದಾಟಿತು. ಆದ್ರೆ ನಮ್ಮ ಸಣ್ಣ ದೋಣಿಗಳ ತನಕ ಡೀಸೆಲ್ ಬರೋಕೆ ಸ್ವಾತಂತ್ರ್ಯದ ಕಾಲ ಬೇಕಾಯ್ತು.

ಇಲ್ಲಿ ಕನ್ನಡ ನೆಲದ ಒಂದು ಕೊಂಡಿ ಇದೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಚಿತ್ರಕಲೆ ಕಲಿಯೋಕೆ ಬೊಂಬಾಯಿಯ ಜೆ.ಜೆ. ಸ್ಕೂಲಿಗೆ ಹೋದ್ರು. ಬಣ್ಣಗಳು ಸರಿಯಾಗಿ ಕಾಣೋದಿಲ್ಲ ಅಂತ ಗೊತ್ತಾಗಿ ಯಂತ್ರಗಳ ರೇಖಾಚಿತ್ರದ ಕಡೆ ತಿರುಗಿ, ಅಲ್ಲಿನ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನೇ ಕಲಿಸಿದ್ರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ, ಕಬ್ಬಿಣದ ನೇಗಿಲು, ಆಮೇಲೆ 1910ರಲ್ಲಿ ಕಿರ್ಲೋಸ್ಕರವಾಡಿ. ಅದೇ ಮನೆತನದ ಉದ್ಯಮವಾಗಿ 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಶುರುವಾಯ್ತು.

ಹಳ್ಳಿಯವರಿಗೆ ಬಾವಿ ಹತ್ರ ಟಕಟಕ ಅನ್ನೋ ಹಳೆಯ ಡೀಸೆಲ್ ಪಂಪ್‌ಸೆಟ್ ಗೊತ್ತಿರುತ್ತೆ. ಅದರಲ್ಲಿ ಒಂದು ಸಣ್ಣ ಪೈಪ್ ಇರ್ತಿತ್ತು, ನೆನಪಿದೆಯಾ? ಪಂಪು ಎತ್ತಿದ ಬಾವಿನೀರಲ್ಲೇ ಸ್ವಲ್ಪ ಭಾಗ ಎಂಜಿನ್ನಿನ ಒಳಕ್ಕೆ ಹೋಗಿ, ಬೆಚ್ಚಗಾಗಿ ಆ ಪೈಪಿಂದ ಕಾಲುವೆಗೆ ಬೀಳ್ತಿತ್ತು. ನೀರು ನಿಂತ್ರೆ ಎಂಜಿನ್ ಕಾಯುತ್ತೆ ಅಂತ ಪ್ರತಿ ರೈತನಿಗೂ ಗೊತ್ತು. ದೋಣಿಯ ಮೊದಲ ಎಂಜಿನ್ನುಗಳೂ ಇದೇ ತತ್ವದವು: ಕೆಳಗಿಂದ ನೀರು ಎತ್ತು, ಎಂಜಿನ್ನಿನ ಸುತ್ತ ಹಾಯಿಸು, ಹೊರಗೆ ಬಿಡು. ಒಂದೇ ವ್ಯತ್ಯಾಸ, ಬಾವಿಯ ನೀರು ಸಿಹಿ, ಕಡಲಿನದು ಉಪ್ಪು.

ಆ ಒಂದು ವ್ಯತ್ಯಾಸ ಎಲ್ಲವನ್ನೂ ಬದಲಿಸುತ್ತೆ. ಉಪ್ಪುನೀರನ್ನ ನೇರವಾಗಿ ಹಾಯಿಸೋ ಎಂಜಿನ್ನನ್ನ ಸುಮಾರು 60 ಡಿಗ್ರಿ ಸೆಲ್ಸಿಯಸ್ ಒಳಗೇ ಓಡಿಸಬೇಕು. ಮೇಲೆ ಹೋದ್ರೆ ಹ್ಯೂ ಲಿಂಡ್ಸೆ ಕಾಲದ ಅದೇ ಕಲ್ಲಿನ ಪದರ. ಅಷ್ಟು ತಣ್ಣಗೆ ಓಡಿಸಿದ್ರೆ ಡೀಸೆಲ್ ಸರಿಯಾಗಿ ಉರಿಯಲ್ಲ, ಎಣ್ಣೆ ಬೇಗ ಕೆಡುತ್ತೆ. ಅದಕ್ಕೇ ಸ್ಯಾಮುಯೆಲ್ ಹಾಲ್‌ನ ಹಳೆಯ ಉಪಾಯ ಮತ್ತೆ ಬಂತು. ಎಂಜಿನ್ನಿನೊಳಗೆ ಮುಚ್ಚಿದ ಸುತ್ತಿನಲ್ಲಿ ಸಿಹಿನೀರು ಮತ್ತು ಕೂಲೆಂಟ್, ಉಷ್ಣತೆ 75ರಿಂದ 90 ಡಿಗ್ರಿ. ಹೊರಗಿನ ಸುತ್ತಿನಲ್ಲಿ ಸಮುದ್ರದ ನೀರು. ಇವೆರಡೂ ಭೇಟಿಯಾಗೋದು ಹೀಟ್ ಎಕ್ಸ್‌ಚೇಂಜರಿನ ಕೊಳವೆಗಳ ಗೋಡೆಯ ಆಚೆ-ಈಚೆ ಮಾತ್ರ. ಲಾರಿಯ ಎಂಜಿನ್ನನ್ನ ದೋಣಿಗೆ ಹಾಕುವಾಗ ಮಾಡೋ ದೊಡ್ಡ ಬದಲಾವಣೆ ಇದೇ. ಲಾರಿಗೆ ಎದುರುಗಾಳಿ ಇದೆ, ರೇಡಿಯೇಟರ್ ಸಾಕು. ದೋಣಿಯ ಹೊಟ್ಟೆಯೊಳಗೆ ಗಾಳಿ ಎಲ್ಲಿಂದ ಬರಬೇಕು?

ನೀರು ಎಲ್ಲಿಗೆ ಹೋಯ್ತು?

ಈಗ ಎಂಜಿನ್ ಬಿಸಿಯಾದಾಗ ಮಿಸ್ತ್ರಿ ಏನು ನೋಡ್ತಾರೆ ಅಂತ ನೋಡೋಣ. ಮೊದಲು ನೋಡೋದು ಎಂಜಿನ್ನನ್ನಲ್ಲ, ದೋಣಿಯ ಹೊರಗಿನ ಆ ಪೈಪನ್ನ.

ನೀರು ಬರ್ತಾ ಇಲ್ಲ, ಅಥವಾ ಕಮ್ಮಿಯಾಗಿ ಬರೀ ಹಬೆ ಬರ್ತಿದೆ ಅಂದ್ರೆ ತೊಂದರೆ ಸಮುದ್ರದ ನೀರಿನ ದಾರಿಯಲ್ಲಿದೆ. ದೋಣಿಯ ತಳದಲ್ಲಿ ನೀರು ಒಳಬರೋ ವಾಲ್ವ್ ತೆರೆದಿದೆಯಾ? ಅದರ ಮುಂದಿನ ಜರಡಿಯಲ್ಲಿ ಏನು ಸಿಕ್ಕಿದೆ? ಮುಂಬೈಯಲ್ಲಿ ಇದು ಮುಖ್ಯ. ಇಲ್ಲಿನ ಭರತ-ಇಳಿತ ನಾಲ್ಕೈದು ಮೀಟರ್ ತನಕ ಹೋಗುತ್ತೆ. ಪ್ರತಿ ಇಳಿತಕ್ಕೂ ಖಾರಿಗಳ ಕೆಸರು, ಅದರ ಜೊತೆ ನಗರದ ಪ್ಲಾಸ್ಟಿಕ್ ಚೀಲ ಬಂದರಿಗೆ ಬರ್ತವೆ. ಒಂದು ಹಾಲಿನ ಪ್ಯಾಕೆಟ್ ಸಾಕು ನೀರಿನ ಬಾಯಿ ಮುಚ್ಚೋಕೆ. ಜರಡಿ ಚೊಕ್ಕ ಇದ್ರೆ ಪಂಪಿನೊಳಗಿನ ರಬ್ಬರ್ ಚಕ್ರ, ಅಂದ್ರೆ ಇಂಪೆಲ್ಲರ್ ನೋಡ್ಬೇಕು. ನೀರಿಲ್ಲದೆ ಒಣಗಿ ತಿರುಗಿದ್ರೆ ಅದರ ರೆಕ್ಕೆಗಳು ಬೇಗನೆ ಸುಟ್ಟು ಮುರೀತವೆ. ಹೊಸದು ಹಾಕಿದ್ರಷ್ಟೇ ಸಾಲದು. ಮುರಿದ ಚೂರುಗಳು ಹೀಟ್ ಎಕ್ಸ್‌ಚೇಂಜರಿನ ಬಾಯಲ್ಲಿ ಸಿಕ್ಕಿರ್ತವೆ, ಎಣಿಸಿ ಎಲ್ಲವನ್ನೂ ತೆಗೀಬೇಕು.

ನೀರು ಚೆನ್ನಾಗಿ ಬರ್ತಿದೆ, ಆದ್ರೂ ಎಂಜಿನ್ ಕಾಯ್ತಿದೆ ಅಂದ್ರೆ ಒಳಗಿನ ಸುತ್ತನ್ನ ನೋಡ್ಬೇಕು. ಥರ್ಮೋಸ್ಟ್ಯಾಟ್ ತೆರೀತಾ ಇಲ್ಲವಾ, ಪಂಪಿನ ಬೆಲ್ಟ್ ಸಡಿಲವಾಗಿದೆಯಾ, ಕೊಳವೆಗಳಲ್ಲಿ ಪದರ ಕಟ್ಟಿದೆಯಾ, ಕೂಲೆಂಟ್ ಮಟ್ಟ ಇಳಿದಿದೆಯಾ. ಇದನ್ನ ನೋಡೋಕೆ ಎಂಜಿನ್ ತಣಿಯಲೇಬೇಕು. ಬಿಸಿ ಇರುವಾಗ ಮುಚ್ಚಳ ತೆಗೆದ್ರೆ ಒತ್ತಡದಲ್ಲಿರೋ ಕುದಿನೀರು ಮುಖಕ್ಕೇ ಹಾರುತ್ತೆ. ತಣಿಸೋಕೆ ಅಂತ ಕಾದ ಎಂಜಿನ್ ಮೇಲೆ ತಣ್ಣೀರು ಸುರಿದ್ರೆ ಎರಕದ ಕಬ್ಬಿಣ ಬಿರುಕು ಬಿಡುತ್ತೆ.

ಕೂಲೆಂಟ್ ಇಳಿದಿದೆ ಅಂದ್ರೆ ಅದು ಎಲ್ಲಿಗೋ ಹೋಗಿರಲೇಬೇಕು. ಸಾಮಾನ್ಯವಾಗಿ ನಾಲ್ಕೇ ದಾರಿ. ಒಂದು, ದೋಣಿಯ ತಳಕ್ಕೆ. ಹೋಸಿನ ಬಿರುಕು, ಸಡಿಲ ಕ್ಲಾಂಪ್, ಪಂಪಿನ ಸೀಲ್ ಸವೆದು ಅದರ ಅಡಿಯ ಸಣ್ಣ ತೂತಿನಿಂದ ತೊಟ್ಟಿಕ್ಕೋದು. ಒಣಗಿದ ಜಾಗದಲ್ಲಿ ಬಣ್ಣದ ಕಲೆ ಉಳಿಯುತ್ತೆ, ಟಾರ್ಚ್ ಹಿಡಿದು ಹುಡುಕಿದ್ರೆ ಸಿಗುತ್ತೆ. ಎರಡು, ಸಮುದ್ರಕ್ಕೆ. ಎಕ್ಸ್‌ಚೇಂಜರಿನ ಕೊಳವೆ ತೂತಾದ್ರೆ ಒತ್ತಡ ಹೆಚ್ಚಿರೋ ಕೂಲೆಂಟ್ ಸಮುದ್ರದ ನೀರಿಗೆ ಸೇರಿ ಹೊರಟುಹೋಗುತ್ತೆ. ದೋಣಿಯ ತಳ ಒಣಗಿರುತ್ತೆ, ಎಲ್ಲೂ ಕಲೆ ಇರಲ್ಲ, ಮಟ್ಟ ಮಾತ್ರ ದಿನಾ ಇಳೀತಾ ಇರುತ್ತೆ. ಎಂಜಿನ್ ನಿಂತು ತಣಿದಾಗ ಉಪ್ಪುನೀರು ಒಳಗೆ ಬರೋ ಸಾಧ್ಯತೆಯೂ ಇದೆ. ಮೂರು, ಎಣ್ಣೆಗೆ. ಎಣ್ಣೆ ಅಳೆಯೋ ಕಡ್ಡಿ ಎಳೆದ್ರೆ ಹಾಲು ಹಾಕಿದ ಚಹಾ ಬಣ್ಣ. ನಾಲ್ಕು, ಸಿಲಿಂಡರಿಗೆ. ಹೆಡ್ ಗ್ಯಾಸ್ಕೆಟ್ ಹೋಗಿದ್ರೆ ಬಿಳಿ ಹಬೆ ನಿಲ್ಲೋದಿಲ್ಲ, ಕೂಲೆಂಟ್ ಟ್ಯಾಂಕಿನಲ್ಲಿ ಗುಳ್ಳೆ ಏಳುತ್ತೆ. ಯಾವುದು ಅಂತ ಗೊತ್ತಾಗದಿದ್ರೆ ಮುಚ್ಚಳದ ಜಾಗಕ್ಕೆ ಕೈಪಂಪು ಜೋಡಿಸಿ ಒತ್ತಡ ಕೊಟ್ಟು, ಮುಳ್ಳು ಇಳಿಯುತ್ತಾ ಅಂತ ಕಾಯೋದು.

ಒಂದು ಎಚ್ಚರಿಕೆ. ತಳದಲ್ಲಿ ನಿಂತ ನೀರು ಸಿಹಿಯೋ ಉಪ್ಪೋ ಅಂತ ನಾಲಿಗೆಗೆ ಹಚ್ಚಿ ನೋಡೋ ಅಭ್ಯಾಸ ಕೆಲವರಿಗಿದೆ. ಕೂಲೆಂಟಿನಲ್ಲಿರೋ ಎಥಿಲೀನ್ ಗ್ಲೈಕಾಲ್ ರುಚಿಯಲ್ಲಿ ಸಿಹಿ, ಆದ್ರೆ ವಿಷ. ಅದಕ್ಕೆ ಬಣ್ಣ ಹಾಕಿರೋದೇ ಕಣ್ಣಲ್ಲಿ ನೋಡಿ ಗುರುತು ಹಿಡೀಲಿ ಅಂತ.

ಉಪ್ಪಿನ ಕೆಲಸ ಮಾತ್ರ ಕಣ್ಣಿಗೆ ಕಾಣದೆ ನಡೀತಾ ಇರುತ್ತೆ. ತಾಮ್ರ, ಹಿತ್ತಾಳೆ, ಕಬ್ಬಿಣ ಒಂದೇ ಉಪ್ಪುನೀರಲ್ಲಿ ಸೇರಿದ್ರೆ ಸಣ್ಣ ಬ್ಯಾಟರಿಯೇ ಆಗುತ್ತೆ, ಒಂದು ಲೋಹ ಕರಗುತ್ತೆ. ಆ ಕರಗೋ ಪಾಪವನ್ನ ಹೊರಲಿ ಅಂತ ಒಂದು ಸತುವಿನ ಕಡ್ಡಿಯನ್ನ ಎಕ್ಸ್‌ಚೇಂಜರಿನಲ್ಲಿ ಇಟ್ಟಿರ್ತಾರೆ. ಅದನ್ನ ಕಾಲಕಾಲಕ್ಕೆ ಬದಲಾಯಿಸದಿದ್ರೆ ಮುಂದಿನ ಸರದಿ ಕೊಳವೆಗಳದ್ದು. ಮುಂಬೈಯ ಸಮುದ್ರ ಬೇಸಿಗೆಯಲ್ಲಿ 30 ಡಿಗ್ರಿ ಹತ್ರ ಇರುತ್ತೆ. ಯುರೋಪಿನ ತಣ್ಣೀರಲ್ಲಿ ಅರ್ಧ ಕಟ್ಟಿದ ಎಕ್ಸ್‌ಚೇಂಜರ್ ಹೇಗೋ ಸುಧಾರಿಸಬಹುದು, ಇಲ್ಲಿ ಆ ಉಸಿರಾಡೋ ಜಾಗ ಕಮ್ಮಿ.

ಕಾನೂನಿನಲ್ಲಿ ಹಾಯಿ, ಕಡಲಲ್ಲಿ ಬರೀ ಎಂಜಿನ್

ಈಗ ಮೊದಲ ಪ್ರಶ್ನೆಗೆ ವಾಪಸ್ ಬರೋಣ. 1950ರ ದಶಕದಿಂದ ಈಚೆಗೆ ಸರ್ಕಾರಗಳು ಮೀನುಗಾರರಿಗೆ ಎಂಜಿನ್ ಕೊಡಿಸೋ ಯೋಜನೆಗಳನ್ನ ತಂದವು. ಮುಂಬೈ ಸುತ್ತಲಿನ ಕೋಳಿಗಳ ದೋಣಿಗಳಿಗೆ ಎಂಜಿನ್ ಬಂತು. ಕೇರಳದ ನೀಂಡಕರದಲ್ಲಿ ಶುರುವಾಗಿದ್ದ ಇಂಡೋ-ನಾರ್ವೇಜಿಯನ್ ಯೋಜನೆ 1960ರ ದಶಕದಲ್ಲಿ ನಮ್ಮ ಕಾರವಾರಕ್ಕೂ ಬಂತು. ಸರಕಿನ ದೋಣಿಗಳೂ ಒಂದೊಂದಾಗಿ ಎಂಜಿನ್ ಹಾಕಿಸ್ಕೊಂಡವು.

1958ರ ಮರ್ಚೆಂಟ್ ಶಿಪ್ಪಿಂಗ್ ಕಾಯಿದೆ ಹಾಯಿಹಡಗು ಅಂದ್ರೆ ಏನು ಅಂತ ಹೇಳುವಾಗ ಒಂದು ಷರತ್ತು ಇಟ್ಟಿತ್ತು: ಎಂಜಿನ್ ಇದ್ದರೂ ಇಲ್ಲದಿದ್ದರೂ ಸರಿ, ಹಾಯಿಯೊಂದರಿಂದಲೇ ಸಾಗುವಷ್ಟು ಹಾಯಿ ಇರಬೇಕು. ಅಂದ್ರೆ ಎಂಜಿನ್ ಇರೋದು ಸಹಾಯಕ್ಕೆ, ಹಾಯಿಯೇ ಯಜಮಾನ. ಆದ್ರೆ ಕಡಲಲ್ಲಿ ಆದದ್ದು ತಿರುಗಾಮುರುಗಾ. ಎಂಜಿನ್ ಬಂದ ಮೇಲೆ ಹಾಯಿ ಚಿಕ್ಕದಾಯ್ತು, ಆಮೇಲೆ ಕೂವೆಮರ ಗಿಡ್ಡವಾಯ್ತು, ಕೊನೆಗೆ ಅದು ಸರಕು ಎತ್ತೋ ಕಂಬವಾಗಿ ಉಳೀತು. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಸಿಮೆಂಟ್ ಒಯ್ಯೋ ಮಂಜಿಗಳ ಹೆಸರಿನ ಹಿಂದೆ ಈಗಲೂ ಎಂ.ಎಸ್.ವಿ. ಅಂತಿರುತ್ತೆ. ಮೆಕನೈಸ್ಡ್ ಸೈಲಿಂಗ್ ವೆಸೆಲ್, ಯಾಂತ್ರೀಕೃತ ಹಾಯಿಹಡಗು. ಹಾಯಿ ಹೆಸರಲ್ಲಿ ಉಳಿದಿದೆ, ಹಡಗನ್ನ ನಡೆಸೋದು ಎಂಜಿನ್.

ಲಾಭ ಬೇಕಾದಷ್ಟು ಆಯ್ತು, ಇಲ್ಲ ಅನ್ನೋಕಾಗಲ್ಲ. ಗಾಳಿಗೆ ಕಾಯಬೇಕಿಲ್ಲ, ಮೀನು ಹಾಳಾಗೋ ಮೊದಲು ಸಸೂನ್ ಡಾಕಿಗೆ ತರಬಹುದು. ಆದ್ರೆ ಒಂದು ಲೆಕ್ಕ ಬದಲಾಯ್ತು. ಮುಂಬೈಯ ದಕ್ಷಿಣ ತುದಿಯಲ್ಲಿ, ಕೊಲಾಬಾದ ಆಚೆ, ಪ್ರಾಂಗ್ಸ್ ಬಂಡೆಸಾಲು ಇದೆ. 1875ರಲ್ಲಿ ಅಲ್ಲಿ ದೀಪಸ್ತಂಭ ಕಟ್ಟಿದ್ದು ಸುಮ್ಮನೆ ಅಲ್ಲ. ಮಳೆಗಾಲ ಶುರುವಾಗೋ ಹೊತ್ತಿಗೆ ಪಡುಗಾಳಿ ದೋಣಿಯನ್ನ ದಡದ ಕಡೆ ತಳ್ಳುತ್ತೆ. ಅಂಥ ಜಾಗದಲ್ಲಿ ಎಂಜಿನ್ ಕಾದು ನಿಂತರೆ ಹಾಯಿ ಇದ್ದ ದೋಣಿ ಅದನ್ನ ಬಿಚ್ಚಿ ಹೊರಗಡಲಿಗೆ ಎಳೆದುಕೊಳ್ಳೋಕೆ ನೋಡಬಹುದಿತ್ತು. ಹಾಯಿ ಇಲ್ಲದ ದೋಣಿಗೆ ಲಂಗರು ಹಿಡಿದ್ರೆ ಉಂಟು, ಇಲ್ಲದಿದ್ರೆ ಇಲ್ಲ. ಹಾಲಿನ ಪ್ಯಾಕೆಟ್ಟೊಂದು ಆರೇಳು ಜನರ ಜೀವದ ಪ್ರಶ್ನೆಯಾಗೋದು ಹೀಗೆ.

ಇದಕ್ಕೆ ಪೂರ್ತಿ ವಿರುದ್ಧವಾದ ಉದಾಹರಣೆಯೂ ಮುಂಬೈಯಲ್ಲೇ ಇದೆ. ನೌಕಾಪಡೆಯ ಅಭಿಲಾಷ್ ಟಾಮಿ 2012ರ ನವೆಂಬರ್ 1ರಂದು ಇಲ್ಲಿಂದ 'ಮಾದೇಯಿ' ಹಾಯಿದೋಣಿಯಲ್ಲಿ ಒಬ್ಬರೇ ಹೊರಟು, ಎಲ್ಲೂ ನಿಲ್ಲದೆ ಭೂಮಿ ಸುತ್ತಿ 2013ರ ಮಾರ್ಚ್ 31ಕ್ಕೆ ಮುಂಬೈಗೇ ವಾಪಸಾದ್ರು. ಗೋವಾದಲ್ಲಿ ಕಟ್ಟಿದ ಆ ದೋಣಿಯ ಹೆಸರು ನಮಗೆ ಪರಿಚಿತವೇ, ಖಾನಾಪುರದ ಕಾಡಲ್ಲಿ ಹುಟ್ಟೋ ನಮ್ಮ ಮಹದಾಯಿ. ಐದು ತಿಂಗಳ ಆ ದಾರಿಯನ್ನ ಸವೆಸಿದ್ದು ಹಾಯಿ.

ಎಲ್ಲರೂ ಮತ್ತೆ ಹಾಯಿ ಕಟ್ಟಿ ಅಂತ ಹೇಳೋಕೆ ಈ ಮಾತಲ್ಲ, ಅದು ಆಗೋ ಕೆಲಸವೂ ಅಲ್ಲ. ಹೇಳೋದು ಇಷ್ಟೇ: ಹಾಯಿಯನ್ನ ಬಿಟ್ಟಾಗ ತಾಂಡೇಲ ತನ್ನ ಕಣ್ಣಿಗೆ ಕಾಣ್ತಿದ್ದ ಯಂತ್ರವನ್ನ ಬಿಟ್ಟು, ಕಾಣದ ಯಂತ್ರವನ್ನ ನಂಬಿದ. ಆ ನಂಬಿಕೆ ಉಳೀಬೇಕಾದ್ರೆ ನೀರಿನ ದಾರಿಯನ್ನ ದಿನಾ ನೋಡೋ ಶಿಸ್ತು ಬೇಕು. ಜೂನ್ 1ರಿಂದ ಜುಲೈ 31ರ ತನಕ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ. ಬಲೆ ಹೊಲಿಯೋಕೆ, ತಳಕ್ಕೆ ಬಣ್ಣ ಬಳಿಯೋಕೆ ಆ 61 ದಿನ ಬಳಕೆಯಾಗುತ್ತೆ. ಅದೇ ಹೊತ್ತಲ್ಲಿ ಒಂದು ಹೊಸ ಇಂಪೆಲ್ಲರ್, ಒಂದು ಸತುವಿನ ಕಡ್ಡಿ, ನಾಲ್ಕು ಕ್ಲಾಂಪು. ಕಡಲಿಗಿಳಿದ ಮೇಲೆ ಎಂಜಿನ್ ಚಾಲೂ ಮಾಡಿದ ಕೂಡಲೇ ಪಕ್ಕಕ್ಕೆ ಬಗ್ಗಿ ಒಂದು ನೋಟ: ನೀರು ಬೀಳ್ತಿದೆಯಾ?

ಮುಂದಿನ ಸಲ ಎಲಿಫೆಂಟಾ ಲಾಂಚ್ ಹತ್ತಿದಾಗ ನೀವೂ ಒಮ್ಮೆ ಬಗ್ಗಿ ನೋಡಿ. ನಿಮ್ಮ ಮನೆಯಲ್ಲಿ ಯಾರಾದ್ರೂ ಪತ್ತೆಮಾರಿಯಲ್ಲೋ ಮಂಜಿಯಲ್ಲೋ ಕೆಲಸ ಮಾಡಿದವರಿದ್ರೆ, ಎಂಜಿನ್ ಬರೋ ಮೊದಲು ಹೇಗಿತ್ತು ಅಂತ ಅವರ ಬಾಯಲ್ಲೇ ಕೇಳಿ ಬರೆದಿಟ್ಕೊಳ್ಳಿ.